ಎರಡನೆಯ ಸಮುದ್ರ ಸೇತು ಕಾರ್ಯಾಚರಣೆ ಮತ್ತು ನವಮಂಗಳೂರು ಬಂದರು

ಎರಡನೆಯ ಸಮುದ್ರ ಸೇತು ಕಾರ್ಯಾಚರಣೆಯು ಕೋವಿಡ್-19 ಸಾಂಕ್ರಾಮಿಕದ ಎರಡನೆಯ ಅಲೆಯ ಸಂದರ್ಭದಲ್ಲಿ ಭಾರತೀಯ ನೌಕಾಪಡೆಯು ಕೈಗೊಂಡ ಮಾನವೀಯ ನೆರವಿನ ಕಾರ್ಯಾಚರಣೆ. 2021ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಇದು ಆರಂಭವಾಯಿತು. ದ್ರವರೂಪದ ವೈದ್ಯಕೀಯ ಆಮ್ಲಜನಕ, ಆಮ್ಲಜನಕದ ಸಿಲಿಂಡರುಗಳು, ಸಾಂದ್ರಕ ಯಂತ್ರಗಳು ಮತ್ತು ಇತರ ವೈದ್ಯಕೀಯ ಸಾಮಗ್ರಿಗಳನ್ನು ಕೊಲ್ಲಿ ರಾಷ್ಟ್ರಗಳಿಂದ ಹಾಗೂ ಆಗ್ನೇಯ ಏಷ್ಯಾದಿಂದ ಭಾರತದ ಬಂದರುಗಳಿಗೆ ತರುವುದು ಇದರ ಉದ್ದೇಶವಾಗಿತ್ತು. ಬಹರೈನಿನ ಮನಾಮಾದಿಂದ ದ್ರವ ಆಮ್ಲಜನಕದ ಎರಡು ಕಂಟೇನರುಗಳನ್ನು ಹೊತ್ತ ಐಎನ್‌ಎಸ್ ತಲ್ವಾರ್ ಯುದ್ಧನೌಕೆ 2021ರ ಮೇ 5ರಂದು ಮಂಗಳೂರು ನಗರದ ಪಣಂಬೂರಿನಲ್ಲಿರುವ ನವಮಂಗಳೂರು ಬಂದರನ್ನು ತಲಪಿತು. ಆ ತಿಂಗಳಲ್ಲಿ ಇನ್ನೂ ಕೆಲವು ನೌಕೆಗಳು ಇದೇ ದಕ್ಕೆಗೆ ಬಂದವು.

ಹಿನ್ನೆಲೆ

2021ರ ಮಾರ್ಚ್ ತಿಂಗಳಿನಿಂದ ಏರತೊಡಗಿದ ಎರಡನೆಯ ಅಲೆ ಮೇ ಮೊದಲ ವಾರದಲ್ಲಿ ತುದಿ ಮುಟ್ಟಿತು. ಮೇ 6ರಂದು ದೇಶದಲ್ಲಿ ಒಂದೇ ದಿನ 4,14,188 ಹೊಸ ಪ್ರಕರಣಗಳು ದಾಖಲಾದವು. ಕರ್ನಾಟಕದಲ್ಲಿ ಮೇ 5ರಂದು ದಾಖಲಾದ ಪ್ರಕರಣಗಳು 50,112. ಅಲ್ಲಿಯವರೆಗಿನ ದೈನಿಕ ಲೆಕ್ಕಗಳಲ್ಲಿ ಇದೇ ಅತಿ ದೊಡ್ಡದು. ಮೊದಲ ಅಲೆಯಲ್ಲಿ ದೇಶದ ವೈದ್ಯಕೀಯ ಆಮ್ಲಜನಕದ ಬೇಡಿಕೆ ದಿನಕ್ಕೆ ಗರಿಷ್ಠ 3,095 ಟನ್ನಿನಷ್ಟಿದ್ದುದು ಎರಡನೆಯ ಅಲೆಯಲ್ಲಿ ಸುಮಾರು 9,000 ಟನ್ನಿಗೆ ಏರಿತೆಂದು ಕೇಂದ್ರ ಸರ್ಕಾರವು ಬಳಿಕ ಸಂಸತ್ತಿಗೆ ತಿಳಿಸಿತು. ಏಪ್ರಿಲ್ 22ರಿಂದ, ಕೆಲವು ಅಗತ್ಯ ಕೈಗಾರಿಕೆಗಳನ್ನು ಬಿಟ್ಟು, ಕಾರ್ಖಾನೆಗಳಿಗೆ ಆಮ್ಲಜನಕ ಪೂರೈಸುವುದನ್ನು ನಿಷೇಧಿಸಲಾಯಿತು. ಏಪ್ರಿಲ್ 24ರಂದು ಆಮದಾಗುವ ಆಮ್ಲಜನಕ ಮತ್ತು ಅದಕ್ಕೆ ಸಂಬಂಧಿಸಿದ ಉಪಕರಣಗಳ ಮೇಲಿನ ಮೂಲ ಸೀಮಾಸುಂಕ ಹಾಗೂ ಆರೋಗ್ಯ ಸೆಸ್ಸನ್ನು ಮೂರು ತಿಂಗಳ ಮಟ್ಟಿಗೆ ಮನ್ನಾ ಮಾಡಲಾಯಿತು. ಮರುದಿನವೇ ಪ್ರಮುಖ ಬಂದರುಗಳಿಗೆ, ಇಂಥ ಸರಕು ತರುವ ಹಡಗುಗಳಿಂದ ಯಾವ ಶುಲ್ಕವನ್ನೂ ಪಡೆಯದೆ ಅವುಗಳಿಗೆ ದಕ್ಕೆಯಲ್ಲಿ ಮೊದಲ ಆದ್ಯತೆ ನೀಡುವಂತೆ ಸೂಚನೆ ಹೋಯಿತು.

ಕರ್ನಾಟಕದಲ್ಲಿ ಕೊರತೆಯ ಭೀಕರತೆಯನ್ನು ಎಲ್ಲರಿಗೂ ಅರಿವಾಗಿಸಿದ್ದು ಚಾಮರಾಜನಗರದ ಘಟನೆ. ಮೇ 2ರಿಂದ 3ರ ನಡುವಿನ ಇಪ್ಪತ್ತನಾಲ್ಕು ಗಂಟೆಗಳ ಅವಧಿಯಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಕರ್ನಾಟಕ ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂದು ವರದಿ ನೀಡಿತು. ಐಎನ್‌ಎಸ್ ತಲ್ವಾರ್ ಪಣಂಬೂರಿಗೆ ಬಂದ ದಿನವೇ, ಅಂದರೆ ಮೇ 5ರಂದು, ರಾಜ್ಯದ ದೈನಿಕ ಆಮ್ಲಜನಕದ ಪಾಲನ್ನು 1,200 ಟನ್ನಿಗೆ ಏರಿಸುವಂತೆ ಉಚ್ಚ ನ್ಯಾಯಾಲಯವು ಕೇಂದ್ರಕ್ಕೆ ಆದೇಶಿಸಿತು. ಆಗ ರಾಜ್ಯಕ್ಕೆ ನಿಗದಿಯಾಗಿದ್ದ ಪಾಲು 965 ಟನ್. ಕೇಂದ್ರವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರೂ ಮೇ 7ರಂದು ಆ ನ್ಯಾಯಾಲಯವು ಆದೇಶದಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು.

ಕೊರತೆ ಇದ್ದುದು ಎಲ್ಲಿ?

ಭಾರತವು ಆಮ್ಲಜನಕ ತಯಾರಿಸಲಾರದ ದೇಶವೇನಲ್ಲ. ಉಕ್ಕಿನ ಕಾರ್ಖಾನೆಗಳಿಗೆ ಭಾರಿ ಪ್ರಮಾಣದ ಆಮ್ಲಜನಕ ಬೇಕಾಗುವುದರಿಂದ ಅವುಗಳ ಪಕ್ಕದಲ್ಲಿಯೇ ಗಾಳಿಯನ್ನು ತಣಿಸಿ ಬೇರ್ಪಡಿಸುವ ದೊಡ್ಡ ಘಟಕಗಳಿರುತ್ತವೆ. ಆದರೆ ಇಂಥ ಕಾರ್ಖಾನೆಗಳಲ್ಲಿ ಹೆಚ್ಚಿನವು ಇರುವುದು ಝಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳಂಥ ಪೂರ್ವದ ರಾಜ್ಯಗಳಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲು ಇದಕ್ಕೆ ಮುಖ್ಯ ಕೇಂದ್ರ. ರೋಗಿಗಳು ತುಂಬಿದ್ದ ದೆಹಲಿ, ಮುಂಬಯಿ, ಬೆಂಗಳೂರುಗಳು ಈ ಘಟಕಗಳಿಂದ ದೂರದಲ್ಲಿದ್ದವು. ತಯಾರಾದ ಆಮ್ಲಜನಕವನ್ನು ಹೊತ್ತೊಯ್ಯುವ ವಿಶೇಷ ಟ್ಯಾಂಕರುಗಳ ಸಂಖ್ಯೆ ಸಾಮಾನ್ಯ ದಿನಗಳ ಬೇಡಿಕೆಗೆ ತಕ್ಕಂತೆ ಮಾತ್ರ ಇತ್ತು. ಆದುದರಿಂದ 2021ರ ಬಿಕ್ಕಟ್ಟನ್ನು ಉತ್ಪಾದನೆಯ ಬಿಕ್ಕಟ್ಟು ಎನ್ನುವುದಕ್ಕಿಂತ ಸಾಗಣೆಯ ಬಿಕ್ಕಟ್ಟು ಎನ್ನುವುದೇ ಹೆಚ್ಚು ಸರಿ. ಸಾರಜನಕ ಮತ್ತು ಆರ್ಗಾನ್ ಸಾಗಿಸುತ್ತಿದ್ದ ಟ್ಯಾಂಕರುಗಳನ್ನು ಶುದ್ಧಗೊಳಿಸಿ ಆಮ್ಲಜನಕಕ್ಕೆ ಬಳಸಬೇಕಾಗಿ ಬಂದದ್ದು ಇದೇ ಕಾರಣದಿಂದ.

ಆಮ್ಲಜನಕವು ದ್ರವವಾಗಿ ಉಳಿಯಬೇಕಾದರೆ ಅದನ್ನು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಾಪಮಾನದಲ್ಲಿ ಇಡಬೇಕು. ಇದಕ್ಕೆ ಬಳಸುವ ಕ್ರಯೋಜೆನಿಕ್ ಟ್ಯಾಂಕುಗಳು ಎರಡು ಗೋಡೆಗಳ ನಡುವೆ ನಿರ್ವಾತವಿರುವ ದೊಡ್ಡ ಫ್ಲಾಸ್ಕುಗಳಂತಿರುತ್ತವೆ. ಎಷ್ಟೇ ಎಚ್ಚರ ವಹಿಸಿದರೂ ಹೊರಗಿನ ಶಾಖ ಸ್ವಲ್ಪಸ್ವಲ್ಪವಾಗಿ ಒಳನುಗ್ಗಿ ದ್ರವದ ಒಂದು ಪಾಲು ಆವಿಯಾಗುತ್ತಲೇ ಇರುತ್ತದೆ. ಒಂದು ಲೀಟರ್ ದ್ರವ ಆಮ್ಲಜನಕವು ಸಾಮಾನ್ಯ ತಾಪಮಾನದಲ್ಲಿ ಸುಮಾರು 850 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಅಷ್ಟು ಅನಿಲವನ್ನು ಸಿಲಿಂಡರುಗಳಲ್ಲಿ ಅದುಮಿ ಸಾಗಿಸುವುದಾದರೆ ಅನಿಲಕ್ಕಿಂತ ಉಕ್ಕಿನ ಭಾರವೇ ಹೆಚ್ಚಾಗುತ್ತದೆ. ದೂರದ ಸಾಗಣೆಗೆ ದ್ರವರೂಪವನ್ನೇ ಆರಿಸಿಕೊಳ್ಳಲು ಇದು ಕಾರಣ.

ಒಂದು ಕಂಟೇನರಿನ ಮೌಲ್ಯವನ್ನು ರೋಗಿಯ ಹಾಸಿಗೆಯಿಂದ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಆಸ್ಪತ್ರೆಗಳಲ್ಲಿ ಕಾಣುವ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ಮುಖಗವಸಿನ ಮೂಲಕ ನಿಮಿಷಕ್ಕೆ 10 ಲೀಟರಿನಂತೆ ಆಮ್ಲಜನಕ ಪಡೆಯುವ ರೋಗಿಗೆ ದಿನಕ್ಕೆ 14,400 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಜಂಬೋ ಸಿಲಿಂಡರ್ ಬೇಕು. ಮೂಗಿನ ಮೂಲಕ ರಭಸದಿಂದ ಆಮ್ಲಜನಕ ನೀಡುವ ಯಂತ್ರಗಳು ನಿಮಿಷಕ್ಕೆ 60 ಲೀಟರಿನವರೆಗೂ ಬಳಸಬಲ್ಲವು. ಅಂಥ ಒಬ್ಬ ರೋಗಿಗೆ ದಿನಕ್ಕೆ ಹನ್ನೆರಡು ಸಿಲಿಂಡರುಗಳಾದರೂ ಬೇಕು. ಒಂದು ಟನ್ ದ್ರವ ಆಮ್ಲಜನಕದಿಂದ ನೂರಕ್ಕೂ ಹೆಚ್ಚು ಜಂಬೋ ಸಿಲಿಂಡರುಗಳು ತುಂಬುತ್ತವೆ. ಈ ಲೆಕ್ಕದಲ್ಲಿ 20 ಟನ್ನಿನ ಒಂದು ಕಂಟೇನರ್, ನಿಮಿಷಕ್ಕೆ 10 ಲೀಟರ್ ಬಳಸುವ ಸುಮಾರು ಸಾವಿರ ರೋಗಿಗಳಿಗೆ ಒಂದು ದಿನ ಉಸಿರಾಗುತ್ತದೆ. ಒಂದು ದಿನ ಮಾತ್ರ. 1,200 ಟನ್ನಿನ ದೈನಿಕ ಬೇಡಿಕೆಯ ಮುಂದೆ ಹಡಗಿನಲ್ಲಿ ಬಂದ ಕೆಲವು ಹತ್ತು ಟನ್ನುಗಳು ಸಣ್ಣ ಪ್ರಮಾಣವೇ. ಆದರೆ ಆಮ್ಲಜನಕದೊಂದಿಗೆ ಕಂಟೇನರುಗಳೂ ದೇಶಕ್ಕೆ ಬಂದವು; ಬರಿದಾದ ಮೇಲೆ ಮತ್ತೆ ಮತ್ತೆ ತುಂಬಿಸಿಕೊಂಡು ಓಡಾಡಬಲ್ಲ ಈ ಟ್ಯಾಂಕುಗಳ ಬೆಲೆ ಆ ದಿನಗಳಲ್ಲಿ ಒಳಗಿನ ದ್ರವದಷ್ಟೇ ದೊಡ್ಡದಾಗಿತ್ತು.

ಹಡಗೇ ಏಕೆ?

ವಿದೇಶಗಳಿಂದ ಶೀಘ್ರವಾಗಿ ತರಲು ವಿಮಾನವೇ ಇರುವಾಗ ಯುದ್ಧನೌಕೆಗಳನ್ನು ಬಳಸಿದ್ದು ಏಕೆಂಬ ಪ್ರಶ್ನೆ ಸಹಜ. ದ್ರವ ಆಮ್ಲಜನಕವು ತಾನು ಉರಿಯದಿದ್ದರೂ ಇತರ ವಸ್ತುಗಳು ಉರಿಯುವುದಕ್ಕೆ ತೀವ್ರವಾಗಿ ನೆರವಾಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿಯ ಒತ್ತಡ ಏರುತ್ತಿರುವುದರಿಂದ ಅದನ್ನು ಆಗಾಗ ಹೊರಬಿಡಬೇಕು. ಮುಚ್ಚಿದ ವಿಮಾನದೊಳಗೆ ಇದು ಅಪಾಯಕಾರಿ. ಆದ್ದರಿಂದ ಭಾರತೀಯ ವಾಯುಪಡೆಯು ದೇಶದ ಒಳಗೂ ಹೊರಗಿನಿಂದಲೂ ಖಾಲಿ ಟ್ಯಾಂಕುಗಳನ್ನು ಮಾತ್ರ ಸಾಗಿಸಿತು. ತುಂಬಿದ ಟ್ಯಾಂಕುಗಳು ರಸ್ತೆ, ರೈಲು ಇಲ್ಲವೇ ಸಮುದ್ರದ ಮಾರ್ಗದಲ್ಲಿಯೇ ಬರಬೇಕಾಗಿತ್ತು. ಕರ್ನಾಟಕಕ್ಕೆ ಮೊದಲ ‘ಆಕ್ಸಿಜನ್ ಎಕ್ಸ್‌ಪ್ರೆಸ್’ ರೈಲು ಜಮ್ಶೆಡ್‌ಪುರದಿಂದ 120 ಟನ್ ದ್ರವ ಆಮ್ಲಜನಕದೊಂದಿಗೆ ಬೆಂಗಳೂರಿನ ವೈಟ್‌ಫೀಲ್ಡಿಗೆ ಬಂದದ್ದು ಮೇ 11ರಂದು. ತಲ್ವಾರ್ ನೌಕೆ ಪಣಂಬೂರು ಮುಟ್ಟಿ ಆಗಲೇ ಆರು ದಿನಗಳಾಗಿದ್ದವು.

ವಾಣಿಜ್ಯ ಹಡಗುಗಳು ಹೆಚ್ಚು ಸರಕು ಹೊರಬಲ್ಲವಾದರೂ ಅವುಗಳಿಗೆ ನಿಗದಿತ ಮಾರ್ಗ, ಮುಂಗಡ ಕಾಯ್ದಿರಿಸುವಿಕೆ, ದಕ್ಕೆಯ ಸರದಿ ಇತ್ಯಾದಿ ಕಟ್ಟುಪಾಡುಗಳಿರುತ್ತವೆ. ಪರ್ಷಿಯನ್ ಕೊಲ್ಲಿಯ ಪ್ರದೇಶದಲ್ಲಿ ಭಾರತದ ಯುದ್ಧನೌಕೆಗಳು ಮೊದಲೇ ಗಸ್ತಿನಲ್ಲಿದ್ದುದರಿಂದ ಅವುಗಳನ್ನು ಕೂಡಲೇ ಮನಾಮಾ, ದೋಹಾ, ಕುವೈತ್ ಕಡೆಗೆ ತಿರುಗಿಸುವುದು ಸಾಧ್ಯವಾಯಿತು.

ಕಾರ್ಯಾಚರಣೆ

ತಲ್ವಾರ್, ಕೋಲ್ಕತಾ, ಕೊಚ್ಚಿ, ತಬರ್, ತ್ರಿಕಂಡ್, ತರ್ಕಶ್, ಐರಾವತ್, ಜಲಾಶ್ವ ಮತ್ತು ಶಾರ್ದೂಲ್ ನೌಕೆಗಳು ಇದರಲ್ಲಿ ಭಾಗವಹಿಸಿದವು. ಇವುಗಳಲ್ಲಿ ಮೊದಲಿನ ಆರು ಕಾದಾಟಕ್ಕಾಗಿ ಕಟ್ಟಿದ ಹಡಗುಗಳು. ಸರಕಿನ ಮಳಿಗೆಗಳು ಅವುಗಳಲ್ಲಿ ಇಲ್ಲ. ಕಂಟೇನರುಗಳನ್ನು ತೆರೆದ ಡೆಕ್ಕಿನ ಮೇಲೆ ಇರಿಸಿ ಬಿಗಿಯಬೇಕಾದುದರಿಂದ ಒಂದು ನೌಕೆ ಹೊರಬಲ್ಲ ಸಂಖ್ಯೆ ಎರಡು ಮೂರಕ್ಕೆ ಸೀಮಿತ. ಕೊನೆಯ ಮೂರು, ಸೈನ್ಯವನ್ನೂ ವಾಹನಗಳನ್ನೂ ತೀರಕ್ಕೆ ಇಳಿಸಲೆಂದು ರೂಪಿಸಿದವುಗಳಾದುದರಿಂದ ಅವುಗಳ ಒಡಲು ವಿಶಾಲ. ಐರಾವತ್ ಸಿಂಗಾಪುರದಿಂದ ವಿಶಾಖಪಟ್ಟಣಕ್ಕೆ, ತ್ರಿಕಂಡ್ ಕತಾರಿನಿಂದ ಮುಂಬಯಿಗೆ ಮೇ 10ರಂದು ಬಂದವು. ಅದೇ ದಿನ ಐಎನ್‌ಎಸ್ ಕೋಲ್ಕತಾ ದೋಹಾ ಮತ್ತು ಕುವೈತಿನಿಂದ ಆಮ್ಲಜನಕ, ಸಿಲಿಂಡರುಗಳು ಹಾಗೂ ಸಾಂದ್ರಕಗಳೊಂದಿಗೆ ನವಮಂಗಳೂರಿಗೆ ಬಂದಿತು. ಕುವೈತ್ ಮತ್ತು ಸಂಯುಕ್ತ ಅರಬ್ ಎಮಿರೇಟುಗಳಿಂದ ದೊಡ್ಡ ಪ್ರಮಾಣದ ಆಮ್ಲಜನಕವನ್ನು ಹೊತ್ತ ಐಎನ್‌ಎಸ್ ಶಾರ್ದೂಲ್ ಮೇ ತಿಂಗಳ ಕೊನೆಯ ವಾರದಲ್ಲಿ ಇದೇ ಬಂದರಿಗೆ ಬಂದಿತು.

ಮೇ ತಿಂಗಳ ಅರಬ್ಬಿ ಸಮುದ್ರವು ಮಳೆಗಾಲದ ಹೊಸ್ತಿಲಲ್ಲಿರುತ್ತದೆ. ಆ ವರ್ಷ ತಿಂಗಳ ನಡುವೆ ತೌಕ್ತೆ ಚಂಡಮಾರುತವೂ ಎದ್ದಿತು. ಪಣಂಬೂರಿನ ಬಡಗು ದಿಕ್ಕಿಗೆ, ಮೂಲ್ಕಿಯ ಕಡಲಿನ ಬಂಡೆಗಳ ನಡುವೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್-9’ ಎಂಬ ಟಗ್ಗಿನ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ರಕ್ಷಣಾಪಡೆ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಪಾರುಮಾಡಬೇಕಾಯಿತು. ಆಮ್ಲಜನಕದ ಹಡಗುಗಳು ಯಾನ ಮಾಡುತ್ತಿದ್ದುದು ಇಂಥ ಹವಾಮಾನದ ನಡುವೆ.

ಬಂದರಿನ ಪಾತ್ರ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿದೆ. ದೊಡ್ಡ ಹಡಗುಗಳು ಒಳಬರಲಾರದಷ್ಟು ಅದರ ಆಳ ಕಡಿಮೆ. ಪಣಂಬೂರಿನಲ್ಲಿ ನೆಲವನ್ನು ಅಗೆದು ನಿರ್ಮಿಸಿದ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಕರ್ನಾಟಕದ ಏಕೈಕ ಪ್ರಮುಖ ಬಂದರಾದ ಇದು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲುಗಳಂಥ ಸರಕಿಗೆ ಒಗ್ಗಿಕೊಂಡದ್ದು. ಸನಿಹದಲ್ಲಿಯೇ ತೈಲ ಶುದ್ಧೀಕರಣಾಗಾರ, ಗೊಬ್ಬರದ ಕಾರ್ಖಾನೆಗಳಿರುವುದರಿಂದ ಅಪಾಯಕಾರಿ ದ್ರವ ಮತ್ತು ಅನಿಲಗಳನ್ನು ಇಳಿಸುವ ಅನುಭವ ಇಲ್ಲಿನವರಿಗಿತ್ತು. ಘಟ್ಟವನ್ನು ಹತ್ತುವ ಹೆದ್ದಾರಿಗಳ ಮೂಲಕ ಒಳನಾಡಿಗೂ, ಕರಾವಳಿಯ ಹೆದ್ದಾರಿಯ ಮೂಲಕ ಉಡುಪಿ ಹಾಗೂ ಉತ್ತರ ಕನ್ನಡಕ್ಕೂ ಇಲ್ಲಿಂದ ನೇರ ಸಂಪರ್ಕವಿದೆ. ಕೊಲ್ಲಿಯಿಂದ ಬರುವ ಹಡಗಿಗೆ ಕರ್ನಾಟಕದ ಬಾಗಿಲು ಇದೇ.

ಈ ನೆರವಿಗೆ ಇನ್ನೊಂದು ಹಿನ್ನೆಲೆಯೂ ಉಂಟು. 1970ರ ದಶಕದಿಂದೀಚೆಗೆ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳ ಸಾವಿರಾರು ಕುಟುಂಬಗಳು ಜೀವನೋಪಾಯಕ್ಕಾಗಿ ಕೊಲ್ಲಿಯ ನಾಡುಗಳನ್ನು ನೆಚ್ಚಿಕೊಂಡಿವೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಮಾತನಾಡುವವರ ಸಂಘಗಳು ಬಹರೈನ್, ಕುವೈತ್, ದುಬೈಗಳಲ್ಲಿ ದಶಕಗಳಿಂದ ಇವೆ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಇದೇ ಹಾದಿಯಲ್ಲಿ ಜನ ಮರಳಿ ಬಂದಿದ್ದರು: ‘ವಂದೇ ಭಾರತ್’ ಯೋಜನೆಯಡಿ ದುಬೈಯಿಂದ ಹೊರಟ ಮೊದಲ ವಿಮಾನ ಮಂಗಳೂರಿನಲ್ಲಿ ಇಳಿದದ್ದು 2020ರ ಮೇ 12ರಂದು. ಒಂದು ವರ್ಷದ ಅಂತರದಲ್ಲಿ ಅದೇ ದಿಕ್ಕಿನಿಂದ ಆಮ್ಲಜನಕವೂ ಬಂದಿತು.

ಪೂರ್ವದ ಕಾರ್ಯಾಚರಣೆಗಳು

‘ಸಮುದ್ರ ಸೇತು’ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು 2020ರಲ್ಲಿ. ವಿಮಾನ ಸಂಚಾರ ನಿಂತಾಗ ಮಾಲ್ಡೀವ್ಸ್, ಶ್ರೀಲಂಕಾ ಮತ್ತು ಇರಾನ್‌ಗಳಲ್ಲಿ ಸಿಲುಕಿದ್ದ 3,992 ಭಾರತೀಯರನ್ನು ನೌಕಾಪಡೆ 55 ದಿನಗಳ ಅವಧಿಯಲ್ಲಿ ಹಡಗುಗಳ ಮೂಲಕ ಕರೆತಂದಿತು. ಭಾರತವು ಕೊಡುವ ಕೈಯಾಗಿದ್ದ ಸಂದರ್ಭಗಳೂ ಇವೆ. 2014ರ ಡಿಸೆಂಬರ್ 4ರಂದು ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರಕ್ಕೆ ಬೆಂಕಿ ಬಿದ್ದು ಊರಿಗೆ ಊರೇ ಕುಡಿಯುವ ನೀರಿಲ್ಲದೆ ಕಂಗೆಟ್ಟಾಗ ವಾಯುಪಡೆಯ ವಿಮಾನಗಳೂ ನೌಕಾಪಡೆಯ ಹಡಗುಗಳೂ ನೀರು ಮುಟ್ಟಿಸಿದವು; ಈ ಕೆಲಸಕ್ಕೆ ‘ಆಪರೇಷನ್ ನೀರ್’ ಎಂದು ಹೆಸರಿಡಲಾಗಿತ್ತು. ಮಾಲೆಯಂಥ ಹವಳದ ದ್ವೀಪದಲ್ಲಿ ಬಾವಿಯ ನೀರು ಕುಡಿಯಲು ಯೋಗ್ಯವಲ್ಲವಾದುದರಿಂದ ಒಂದು ಸ್ಥಾವರ ನಿಂತರೆ ಪರ್ಯಾಯವೇ ಇರುವುದಿಲ್ಲ. 2020ರ ಮೇ ತಿಂಗಳಲ್ಲಿ ಹೊರಟ ‘ಮಿಷನ್ ಸಾಗರ್’ನಲ್ಲಿ ಐಎನ್‌ಎಸ್ ಕೇಸರಿ ಮಾಲ್ಡೀವ್ಸಿಗೆ 580 ಟನ್ ಆಹಾರಧಾನ್ಯಗಳನ್ನು ಒಯ್ದು, ಬಳಿಕ ಮಾರಿಷಸ್, ಮಡಗಾಸ್ಕರ್, ಕೊಮೊರೋಸ್, ಸೆಶೆಲ್ಸ್‌ಗಳಿಗೆ ಔಷಧಗಳನ್ನು ಮುಟ್ಟಿಸಿತು. ಡೆಂಗೀ ಜ್ವರದಿಂದಲೂ ಬಳಲುತ್ತಿದ್ದ ಕೊಮೊರೋಸ್‌ನಲ್ಲಿ ವೈದ್ಯರ ತಂಡವೊಂದನ್ನು ಇಳಿಸಲಾಯಿತು. ಒಂದೇ ವರ್ಷದಲ್ಲಿ ಕೊಡುವವನೂ ಪಡೆಯುವವನೂ ಆಗಬೇಕಾಗಿ ಬಂದ ಈ ತಿರುವು, ಮಾನವೀಯ ನೆರವು ಬಡ ರಾಷ್ಟ್ರಗಳಿಗೆ ಮಾತ್ರ ಬೇಕಾದುದೆಂಬ ರೂಢಿಯ ನಂಬಿಕೆಗೆ ಹೊಂದುವುದಿಲ್ಲ.

ಗಡಿಯ ಈಚೆ ಮತ್ತು ಆಚೆ

ಸಮುದ್ರದಾಚೆಯಿಂದ ನೆರವು ಬಂದ ಇದೇ ನಗರದಲ್ಲಿ, ಹದಿನೇಳು ಕಿಲೋಮೀಟರ್ ದೂರದ ತಲಪಾಡಿಯ ಗಡಿ ರೋಗಿಗಳ ಪಾಲಿಗೆ ಗೋಡೆಯಾಗಿದ್ದುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಜನ, ಅವರಲ್ಲಿಯೂ ಕನ್ನಡ ಮತ್ತು ತುಳು ಮಾತನಾಡುವವರು, ತಲೆಮಾರುಗಳಿಂದ ದೊಡ್ಡ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ಅವಲಂಬಿಸಿದವರು. 1848ರಷ್ಟು ಹಳೆಯದಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿಂದ ಹಿಡಿದು ಖಾಸಗಿ ವೈದ್ಯಕೀಯ ಕಾಲೇಜುಗಳವರೆಗೆ ಎಲ್ಲವೂ ಅವರ ಬಳಕೆಯಲ್ಲಿವೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿದಾಗ ಡಯಾಲಿಸಿಸ್, ಹೃದ್ರೋಗ, ಹೆರಿಗೆಗಳಿಗೆ ಹೊರಟ ಆಂಬುಲೆನ್ಸುಗಳೂ ತಡೆಹಿಡಿಯಲ್ಪಟ್ಟವು. ದಾರಿ ಸಿಗದೆ ಸಾವುಗಳು ಸಂಭವಿಸಿದವೆಂದು ಕೇರಳವು ದೂರಿತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯ ತಲಪಿದ ಮೇಲೆ, ತುರ್ತು ರೋಗಿಗಳನ್ನು ತಲಪಾಡಿಯ ಮೂಲಕ ಬಿಡುವ ಬಗೆಗೆ ಎರಡೂ ರಾಜ್ಯಗಳು ಒಪ್ಪಿರುವುದಾಗಿ ಏಪ್ರಿಲ್ 7ರಂದು ತಿಳಿಸಲಾಯಿತು.

2021ರ ಮೇ ತಿಂಗಳಲ್ಲಿ ಸಮಸ್ಯೆ ಬೇರೊಂದು ರೂಪದಲ್ಲಿ ಮರುಕಳಿಸಿತು. ಕಾಸರಗೋಡಿನ ಖಾಸಗಿ ಆಸ್ಪತ್ರೆಗಳ ಸಿಲಿಂಡರುಗಳು ಮಂಗಳೂರಿನ ಘಟಕಗಳಲ್ಲಿ ತುಂಬಿಕೊಂಡು ಬರುತ್ತಿದ್ದವು. ದಕ್ಷಿಣ ಕನ್ನಡದಲ್ಲಿಯೇ ಬೇಡಿಕೆ ಏರಿದಾಗ ಈ ಪೂರೈಕೆ ನಿಂತು ಅಲ್ಲಿ ಕೊರತೆ ಕಾಣಿಸಿಕೊಂಡಿತು. ಕಾರ್ಖಾನೆಗಳಲ್ಲಿ, ಬೆಸುಗೆ ಅಂಗಡಿಗಳಲ್ಲಿ ಬಿದ್ದಿರುವ ಸಿಲಿಂಡರುಗಳನ್ನು ಕೊಡುವಂತೆ ಕಾಸರಗೋಡು ಜಿಲ್ಲಾಡಳಿತವು ಸಾರ್ವಜನಿಕರಿಗೆ ಕರೆ ನೀಡಿತು. ತನ್ನ ರೋಗಿಗಳನ್ನು ಮೊದಲು ಉಳಿಸಿಕೊಳ್ಳಬೇಕೆಂಬ ಜಿಲ್ಲಾಡಳಿತದ ನಿಲುವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಆಸ್ಪತ್ರೆಯ ವ್ಯಾಪ್ತಿಯು ರಾಜ್ಯದ ಗಡಿಯೊಂದಿಗೆ ಮುಗಿಯದ ಪ್ರದೇಶದಲ್ಲಿ ಆಮ್ಲಜನಕವನ್ನು ರಾಜ್ಯವಾರು ಹಂಚುವ ಪದ್ಧತಿಯ ದೋಷ ಇಲ್ಲಿ ಬಯಲಾಯಿತು.

ವಿಮರ್ಶೆ ಮತ್ತು ನಂತರದ ಬೆಳವಣಿಗೆ

ವಿದೇಶಿ ನೆರವು ದೇಶಕ್ಕೆ ಬಂದಿಳಿದರೂ ಅದು ಆಸ್ಪತ್ರೆಗಳಿಗೆ ಹಂಚಿಕೆಯಾಗಲು ವಿಳಂಬವಾಗುತ್ತಿದೆ ಎಂಬ ಟೀಕೆ ಮೇ ಮೊದಲ ವಾರದಲ್ಲಿ ವ್ಯಾಪಕವಾಗಿ ಕೇಳಿಬಂದಿತು. ಹಂಚಿಕೆಯ ಕ್ರಮವನ್ನು ನಿಗದಿಪಡಿಸಲಾಗಿದೆಯೆಂದು ಕೇಂದ್ರ ಆರೋಗ್ಯ ಸಚಿವಾಲಯ ಉತ್ತರಿಸಿತು. ಎರಡನೆಯ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದ ಸತ್ತವರ ಬಗ್ಗೆ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ನೀಡಿದ ಉತ್ತರವು ತೀವ್ರ ವಿವಾದಕ್ಕೆ ಎಡೆಯಾಯಿತು. ಚಾಮರಾಜನಗರದ ಬಗೆಗಿನ ನ್ಯಾಯಾಂಗ ಸಮಿತಿಯ ವರದಿ ಆ ವೇಳೆಗೆ ಎರಡು ತಿಂಗಳು ಹಳೆಯದಾಗಿತ್ತು. ಮರಣ ಪ್ರಮಾಣಪತ್ರಗಳಲ್ಲಿ ಕಾರಣವೆಂದು ರೋಗದ ಹೆಸರನ್ನು ಬರೆಯುತ್ತಾರೆಯೇ ಹೊರತು ಬತ್ತಿದ ಕೊಳವೆಯನ್ನಲ್ಲ. ಅಂಕಿ ಅಂಶಗಳಲ್ಲಿ ಈ ಸಾವುಗಳು ಕಾಣಿಸದಿರುವುದಕ್ಕೆ ಇದೂ ಒಂದು ಕಾರಣ.

ಬಳಿಕದ ತಿಂಗಳುಗಳಲ್ಲಿ ಟ್ಯಾಂಕರುಗಳ ಅವಲಂಬನೆಯನ್ನು ತಗ್ಗಿಸುವ ಕಡೆಗೆ ಗಮನ ಹರಿಯಿತು. ಗಾಳಿಯಲ್ಲಿರುವ ಸಾರಜನಕವನ್ನು ಜಿಯೊಲೈಟ್ ಎಂಬ ಖನಿಜದ ಹರಳುಗಳಲ್ಲಿ ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ನೇರವಾಗಿ ಆಸ್ಪತ್ರೆಯ ಕೊಳವೆಗೆ ಹರಿಸುವ ಪಿಎಸ್‌ಎ ಘಟಕಗಳನ್ನು ಪಿಎಂ ಕೇರ್ಸ್ ನಿಧಿಯಿಂದ ದೇಶದ ಎಲ್ಲ ಜಿಲ್ಲೆಗಳಲ್ಲಿ ಒಟ್ಟು 1,200ಕ್ಕೂ ಹೆಚ್ಚು ಸ್ಥಾಪಿಸಲಾಯಿತು. ಇವುಗಳಿಂದ ದೊರೆಯುವ ಆಮ್ಲಜನಕದ ಶುದ್ಧತೆ ಶೇಕಡಾ 93ರ ಆಸುಪಾಸಿನಲ್ಲಿರುತ್ತದೆ. ಚಿಕಿತ್ಸೆಗೆ ಇದು ಸಾಕು. ಆದರೆ ಇವು ವಿದ್ಯುತ್ತನ್ನು ನೆಚ್ಚಿದವು, ಸೋಸುಕಗಳನ್ನು ಕಾಲಕಾಲಕ್ಕೆ ಬದಲಿಸಬೇಕು, ತರಬೇತಾದ ನಿರ್ವಾಹಕ ಬೇಕು. ವರ್ಷಗಟ್ಟಲೆ ಓಡಿಸದೆ ನಿಲ್ಲಿಸಿದ ಘಟಕದಲ್ಲಿ ತೇವ ಹೀರಿದ ಜಿಯೊಲೈಟ್ ತನ್ನ ಗುಣ ಕಳೆದುಕೊಳ್ಳುತ್ತದೆ. ಕರಾವಳಿಯ ಆರ್ದ್ರ ಹವೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.